ಮೂರು ತಿಂಗಳು ಬಿಟ್ಟು ಬನ್ನಿ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, ನೀನು ಯಾವುದರ ಡಾಕ್ಟರು ಅಂತ. ಹೆಣ್ಣು ಡಾಕ್ಟರ್ ಅಂದಮೇಲೆ ಹೆರಿಗೆ ಮಾಡಿಸುವವಳೇ ಇರಬೇಕು ಎಂಬುದು ಅವರ ಲೆಕ್ಕ. ಅಲ್ಲ, ನನ್ನದು ಯೂರಾಲಜಿ, ಮೂತ್ರದ ತೊಂದರೆಗಳು ಅಂದರೆ ಮುಂದಿನ ಪ್ರಶ್ನೆ, "ಹಂಗಾರ ಕಿಡ್ನ್ಯಾಗಿನ ಕಲ್ಲು ತಗೀತಿ?" ಅದನ್ನೂ ಬೇಕಾದಷ್ಟು ತೆಗೆದಿದ್ದೇನೆ. ಆದರೆ ಈಗ ನನ್ನ ದಿನದ ದೊಡ್ಡ ಪಾಲು ಹೋಗುವುದು ಹರಿದದ್ದು, ತೂತು ಬಿದ್ದದ್ದು, ಮುಚ್ಚಿಹೋದದ್ದು, ಜಾರಿ ಕೆಳಗೆ ಬಂದದ್ದು, ಇವುಗಳನ್ನು ಸರಿಮಾಡುವುದಕ್ಕೆ. ಕಿಬ್ಬೊಟ್ಟೆಯ ಕೆಳಗೆ, ಸೊಂಟದ ಎಲುಬಿನ ಕಟ್ಟಿನೊಳಗೆ ಮೂತ್ರಕೋಶ, ಗರ್ಭಕೋಶ, ಗುದನಾಳ ಒಂದಕ್ಕೊಂದು ಆತುಕೊಂಡಿರುವ ಆ ಇಕ್ಕಟ್ಟಿನ ಜಾಗದ ಬಗ್ಗೆ ಊರ ಕಟ್ಟೆಯ ಮೇಲೆ ವಿವರಿಸುವುದು ಕಷ್ಟ. "ಹೂಂ, ಕಲ್ಲು ತಗೀತೀನಿ" ಅಂದು ಚಹಾ ಕುಡಿಯುತ್ತೇನೆ.

ನಾನು ಓದುವ ಕಾಲಕ್ಕೆ ಈ ಕೆಲಸಕ್ಕೆಂದೇ ಒಂದು ಡಿಗ್ರಿ ಇರಲಿಲ್ಲ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಆಮೇಲೆ ಜನರಲ್ ಸರ್ಜರಿಯಲ್ಲಿ ಎಂಎಸ್ 3 ವರ್ಷ, ಆಮೇಲೆ ಯೂರಾಲಜಿಯಲ್ಲಿ ಎಂಸಿಎಚ್ 3 ವರ್ಷ. ಎಂಸಿಎಚ್‌ನಲ್ಲಿ ನೋಡಿದ್ದು ಹೆಚ್ಚಾಗಿ ಕಲ್ಲು ಮತ್ತು ಪ್ರಾಸ್ಟೇಟ್. ಉತ್ತರ ಕರ್ನಾಟಕದ ಬಿಸಿಲಿಗೆ ಕಲ್ಲಿನ ರೋಗಿಗಳಿಗೇನು ಬರವೇ. ಲೇಸರ್ ಹಾಕಿ ಪುಡಿ ಮಾಡು, ಸ್ಟೆಂಟ್ ಇಡು, ನಾಳೆ ಮನೆಗೆ ಕಳಿಸು. ಬೇಗ ಮುಗಿಯುತ್ತದೆ, ಫಲ ಎಕ್ಸ್‌ರೇಯಲ್ಲಿ ಕಾಣುತ್ತದೆ, ಖಾಸಗಿಯಲ್ಲಾದರೆ ದುಡ್ಡೂ ಬರುತ್ತದೆ. ನನ್ನ ಜೊತೆಯವರಲ್ಲಿ ಬಹುಪಾಲು ಅಲ್ಲೇ ನಿಂತರು. ಅದರಲ್ಲಿ ತಪ್ಪೇನಿಲ್ಲ, ಕಲ್ಲಿನ ನೋವು ತಿಂದವರಿಗೆ ಗೊತ್ತು ಅವರ ಬೆಲೆ.

ಆದರೆ ಆಗಾಗ ಒಂದು ಕೇಸು ಬರುತ್ತಿತ್ತು, ಯಾರಿಗೂ ಬೇಡದ್ದು. ಯೋನಿಯಿಂದ ಹಗಲೂ ರಾತ್ರಿ ಮೂತ್ರ ಸೋರುತ್ತಿರುವ ಹೆಣ್ಣುಮಗಳು. ಮೂತ್ರಕೋಶಕ್ಕೂ ಯೋನಿಗೂ ನಡುವಿನ ಗೋಡೆಯಲ್ಲಿ ತೂತು. ನಾವು ಅದನ್ನು ಫಿಸ್ಟುಲಾ ಅನ್ನುತ್ತೇವೆ. ಸೋರುವುದು ಮೂತ್ರ, ಆದ್ದರಿಂದ ಯೂರಾಲಜಿಗೆ ಹೋಗಲಿ ಎಂದು ಗೈನಕ್‌ನವರು, ಅಂದರೆ ಸ್ತ್ರೀರೋಗ ವಿಭಾಗದವರು. ಸೋರುವುದು ಯೋನಿಯಿಂದ, ಅದೂ ಗರ್ಭಕೋಶದ ಆಪರೇಷನ್ ಆದಮೇಲೆ, ಆದ್ದರಿಂದ ಗೈನಕ್‌ಗೆ ಹೋಗಲಿ ಎಂದು ನಾವು. ಚೀಟಿ ಎರಡು ವಿಭಾಗಗಳ ನಡುವೆ ಓಡಾಡುತ್ತಿತ್ತು, ಚೀಟಿಯ ಹಿಂದೆ ಆ ಹೆಂಗಸೂ. ಅಮೆರಿಕದಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡರು. ಹೆಣ್ಣಿನ ಶ್ರೋಣಿ (ಸೊಂಟದ ಕಟ್ಟಿನೊಳಗಿನ ಆ ಜಾಗ) ಚಿಕಿತ್ಸೆ ಮತ್ತು ಪುನಾರಚನಾ ಶಸ್ತ್ರಚಿಕಿತ್ಸೆಯನ್ನು 2011ರಲ್ಲಿ ಪ್ರತ್ಯೇಕ ಉಪಶಾಖೆಯಾಗಿ ಒಪ್ಪಿ, 2013ರಲ್ಲಿ ಮೊದಲ ಪರೀಕ್ಷೆ ನಡೆಸಿದರು. ಯೂರಾಲಜಿಯಿಂದ ಬಂದವರೂ ಗೈನಕಾಲಜಿಯಿಂದ ಬಂದವರೂ ಕೂತದ್ದು ಒಂದೇ ಪರೀಕ್ಷೆಗೆ. ನಮ್ಮಲ್ಲಿ ಇವತ್ತಿಗೂ ಬಹಳಷ್ಟು ಕಡೆ ಇದು ಇಬ್ಬರು ಡಾಕ್ಟರುಗಳ ಸ್ನೇಹದ ಮೇಲೆ ನಡೆಯುತ್ತದೆ. ನನ್ನ ಪುಣ್ಯಕ್ಕೆ ನಮ್ಮ ಯೂನಿಟ್ ಮುಖ್ಯಸ್ಥರಿಗೆ ಈ ಕೇಸುಗಳ ಮೇಲೆ ಪ್ರೀತಿ ಇತ್ತು. ಹೆಣ್ಣು ರೆಸಿಡೆಂಟ್ ನಾನೊಬ್ಬಳೇ ಆದ್ದರಿಂದ ಪರೀಕ್ಷೆ ಮಾಡಲು ಮೊದಲು ನನ್ನನ್ನೇ ಕರೆಯುತ್ತಿದ್ದರು. ಹಾಗೆ ಶುರುವಾದದ್ದು ನನ್ನ ದಾರಿ, ಯಾವ ದೊಡ್ಡ ಸಂಕಲ್ಪದಿಂದಲೂ ಅಲ್ಲ.

ಅವರು ಕಲಿಸಿದ ಮೊದಲ ಪಾಠ: "ಮೂರು ತಿಂಗಳು ಬಿಟ್ಟು ಬನ್ನಿ" ಅನ್ನುವುದನ್ನು ಯಾವಾಗ ಹೇಳಬೇಕು, ಯಾವಾಗ ಹೇಳಬಾರದು. ತೂತಾದ ಹೊಸದರಲ್ಲಿ ಅದರ ಅಂಚು ಊದಿರುತ್ತದೆ, ಕೆಂಪಾಗಿರುತ್ತದೆ, ದಾರ ಹಾಕಿದರೆ ಹರಿಯುತ್ತದೆ. ಊತ ಇಳಿದು ಅಂಗಾಂಶ ಮೆತ್ತಗಾಗುವವರೆಗೆ ಕಾಯಬೇಕು. ಪುಸ್ತಕ ಅದಕ್ಕೆ ಮೂರು ತಿಂಗಳು ಎಂದು ಬರೆದಿದೆ. ನಮ್ಮ ಗುರುಗಳು ಮಾತ್ರ, "ಕ್ಯಾಲೆಂಡರ್ ನೋಡಬೇಡ, ಬೆರಳಿಟ್ಟು ನೋಡು" ಅನ್ನುತ್ತಿದ್ದರು. ಗರ್ಭಕೋಶ ತೆಗೆಯುವಾಗ ಆದ ಚಿಕ್ಕ, ಶುಭ್ರವಾದ ಗಾಯವಾಗಿದ್ದರೆ, ಅದೂ ಕೆಲವೇ ದಿನಗಳಲ್ಲಿ ಗೊತ್ತಾದರೆ, ಬೇಗ ಹೊಲಿಯಬಹುದು. ತೀರಾ ಸಣ್ಣದಾದರೆ ಕೆಲವು ವಾರ ಕ್ಯಾಥೆಟರ್, ಅಂದರೆ ಮೂತ್ರ ಹೊರಗೆ ಹರಿಸುವ ಪೈಪು, ಇಟ್ಟು ಮೂತ್ರಕೋಶವನ್ನು ಖಾಲಿ ಇಟ್ಟರೆ ತಾನಾಗಿಯೇ ಮುಚ್ಚಿಕೊಂಡದ್ದೂ ಉಂಟು. ದಿನಗಟ್ಟಲೆ ಹೆರಿಗೆ ನೋವು ತಿಂದು, ಮಗುವಿನ ತಲೆಯ ಒತ್ತಡಕ್ಕೆ ಸುತ್ತಲಿನ ಮಾಂಸವೆಲ್ಲ ರಕ್ತವಿಲ್ಲದೆ ಸತ್ತು ಬಿದ್ದ ತೂತಿಗೆ ಮೂರು ತಿಂಗಳೂ ಕೆಲವೊಮ್ಮೆ ಸಾಲದು. ಎರಡೂ ತೂತುಗಳೇ, ಆದರೆ ಎರಡಕ್ಕೂ ಒಂದೇ ತಾರೀಖು ಕೊಡುವುದು ಸೋಮಾರಿತನ.

ಆಸ್ಪತ್ರೆಯ ಹೆರಿಗೆ ಹೆಚ್ಚಾದಂತೆ ಹೆರಿಗೆಯ ಫಿಸ್ಟುಲಾ ನಮ್ಮ ಕಡೆ ಕಡಿಮೆಯಾಗುತ್ತ ಬಂದಿದೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಗರ್ಭಕೋಶ ತೆಗೆಸಿಕೊಂಡವರು. ವಯಸ್ಸು ಕೇಳಿದರೆ ಮೂವತ್ತೈದು, ಮೂವತ್ತೆಂಟು. ಯಾಕೆ ತೆಗೆಸಿದಿರಿ ಅಂದರೆ, "ಬಿಳಿ ಹೊಕ್ಕಿತ್ತರಿ, ಹಿಂಗಾ ಬಿಟ್ರ ಕ್ಯಾನ್ಸರ್ ಆಕ್ಕೈತಿ ಅಂದ್ರು." ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎಳೆ ವಯಸ್ಸಿನ ಹೆಣ್ಣುಮಕ್ಕಳ ಗರ್ಭಕೋಶ ತೆಗೆದ ವಿಷಯ ಸುದ್ದಿಯಾಗಿ, ತನಿಖೆಯಾಗಿ, ಡಿಸಿ ಕಚೇರಿ ಮುಂದೆ ಧರಣಿಯೂ ಆಯಿತು. ಬಿಳಿಮುಟ್ಟಿಗೆ ಮಾತ್ರೆ ಸಾಕಾಗುವ ಕಡೆ ಕತ್ತರಿ ಆಡಿದರೆ, ಪಕ್ಕದಲ್ಲೇ ಇರುವ ಮೂತ್ರಕೋಶಕ್ಕೋ ಕಿಡ್ನಿಯಿಂದ ಬರುವ ಮೂತ್ರನಾಳಕ್ಕೋ ಪೆಟ್ಟು ಬೀಳುವ ಸಂಭವ ಸುಮ್ಮನೆ ಹುಟ್ಟಿಕೊಳ್ಳುತ್ತದೆ. ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ, ಗೊತ್ತು.

ಅಂಥ ಒಬ್ಬಾಕೆಯನ್ನು ಇಲ್ಲಿ ಹೇಳಲೇಬೇಕು. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದವಳು. ಗರ್ಭಕೋಶದ ಆಪರೇಷನ್ ಆಗಿ ಎರಡನೆಯ ವಾರದಿಂದ ಸೋರಿಕೆ. ಕ್ಯಾಥೆಟರಿನಿಂದ ಮೂತ್ರಕೋಶಕ್ಕೆ ನೀಲಿ ಬಣ್ಣದ ನೀರು ಬಿಟ್ಟು, ಯೋನಿಯಲ್ಲಿ ಒಂದರ ಕೆಳಗೊಂದು ಮೂರು ಹತ್ತಿಯುಂಡೆ ಇಟ್ಟು, ನಡೆದಾಡಿಸಿ ನೋಡಿದೆವು. ಕೆಳಗಿನದೊಂದೇ ನೀಲಿಯಾದರೆ ಮೂತ್ರದ್ವಾರದಿಂದ ಸೋರಿದ್ದಿರಬಹುದು. ಮೇಲಿನದು ಒದ್ದೆಯಾಗಿಯೂ ಬಣ್ಣ ಹತ್ತದಿದ್ದರೆ ಕಿಡ್ನಿಯಿಂದ ಬರುವ ನಾಳವೇ ತುಂಡಾಗಿದೆ ಎಂಬ ಅನುಮಾನ. ಈಕೆಗೆ ಮೇಲಿನೆರಡು ಅಚ್ಚ ನೀಲಿ, ಅಂದರೆ ತೂತು ಮೂತ್ರಕೋಶದಲ್ಲೇ. ಸಿಟಿ ಸ್ಕ್ಯಾನಿನಲ್ಲಿ ಎರಡೂ ಮೂತ್ರನಾಳ ಚೆನ್ನಾಗಿದ್ದವು. ಬೆರಳಿಟ್ಟು ನೋಡಿದರೆ ಅಂಚು ಇನ್ನೂ ದಪ್ಪ, ಮುಟ್ಟಿದರೆ ರಕ್ತ. ಹಿಮೋಗ್ಲೋಬಿನ್ 7ರ ಆಸುಪಾಸು, ರಕ್ತ ತೀರಾ ಕಡಿಮೆ. ಕಾಯಬೇಕಿತ್ತು.

"ಬಾಯಾರ, ನಿಮಗ ಮೂರು ತಿಂಗಳು. ನನಗ ಮೂರು ವರ್ಷ ಆಕ್ಕೈತ್ರಿ" ಅಂದಳು.

ಕಾಯಿರಿ ಎಂದು ಹೇಳಿ ಚೀಟಿ ಬರೆದು ಕಳಿಸುವ ಡಾಕ್ಟರಿಗೆ ಆ ಮೂರು ತಿಂಗಳಲ್ಲಿ ಏನಾಗುತ್ತದೆ ಎಂಬುದು ಕಾಣುವುದಿಲ್ಲ. ಸೋರುತ್ತದೆ ಎಂದು ಆಕೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ವಾಸನೆ ಹೆಚ್ಚುತ್ತದೆ, ತೊಡೆಯ ಚರ್ಮ ಸುಲಿಯುತ್ತದೆ. ಆ ಸುಲಿದ ಚರ್ಮಕ್ಕೆ ಮೆಣಸಿನಕಾಯಿಯ ಘಾಟು ತಾಗಿದರೆ ಏನಾಗುತ್ತದೆ ಎಂದು ಆಕೆ ಹೇಳಿದಾಗ ನನ್ನ ಪಕ್ಕ ಕೂತಿದ್ದ, ಪಿಜಿ ಓದುವ ಹುಡುಗ ಬರೆಯುವುದು ನಿಲ್ಲಿಸಿದ. ಹಾಗಾಗಿ ನಾವು ಕಾಯುವುದಕ್ಕೂ ಒಂದು ಚಿಕಿತ್ಸೆಯ ಪಟ್ಟಿ ಬರೆಯುತ್ತೇವೆ. ನೀರು ಕುಡಿಯಬೇಕು, ಹೆಚ್ಚೇ ಕುಡಿಯಬೇಕು. ಹಳೆ ಸೀರೆಯ ತುಂಡು ಮಡಿಸಿ ಇಟ್ಟುಕೊಳ್ಳುವುದಾದರೆ ಒದ್ದೆಯಾದ ಕೂಡಲೇ ಬದಲಿಸಿ, ಒಗೆದು ಬಿಸಿಲಿಗೆ ಹಾಕಬೇಕು. ತೊಡೆಗೆ ವ್ಯಾಸಲೀನ್ ಅಥವಾ ಝಿಂಕ್ ಆಕ್ಸೈಡ್ ಮುಲಾಮು. ಕಬ್ಬಿಣದಂಶದ ಮಾತ್ರೆ, ಮೊಟ್ಟೆ, ಕಾಳು. ನಡುವೆ ಒಮ್ಮೆಯಾದರೂ ಬಂದು ತೋರಿಸಬೇಕು, ಬಸ್ಸಿನಲ್ಲಿ ಒದ್ದೆಯಾಗುವ ಭಯವಿದ್ದರೆ ಫೋನ್ ಮಾಡಬೇಕು. ಕೊನೆಯದು ಗಂಡನಿಗೆ ಹೇಳುವ ಮಾತು: ಇದು ಅಂಟುವ ರೋಗವಲ್ಲ, ಶಾಪವಲ್ಲ, ಆಕೆಯ ತಪ್ಪಂತೂ ಅಲ್ಲವೇ ಅಲ್ಲ. ಈ ಮಾತನ್ನು ನಾನು ಗಂಡನ ಜೊತೆ ಅತ್ತೆಯನ್ನೂ ಕೂರಿಸಿಕೊಂಡು ಹೇಳುತ್ತೇನೆ.

ಆಪರೇಷನ್ ದಿನ ಮಾಡುವ ಕೆಲಸ ಹೊರಗಿನಿಂದ ನೋಡಿದರೆ ಸಣ್ಣದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಜೋಮು ಹಿಡಿಸುತ್ತಾರೆ. ಕ್ಯಾಮೆರಾ ಹಾಕಿ ತೂತು ಎಲ್ಲಿದೆ, ಮೂತ್ರನಾಳದ ಬಾಯಿಗೆ ಎಷ್ಟು ಹತ್ತಿರ ಎಂದು ನೋಡಿ, ಆ ಬಾಯಿಗಳಿಗೆ ಸಣ್ಣ ನಳಿಗೆ ಹಾಕಿಡುತ್ತೇವೆ. ತೂತಿನೊಳಗೆ ಚಿಕ್ಕ ಫೋಲಿ ಕ್ಯಾಥೆಟರ್ ತೂರಿಸಿ, ಬಲೂನ್ ಉಬ್ಬಿಸಿ, ಮೆಲ್ಲಗೆ ಎಳೆದರೆ ಇಡೀ ಜಾಗ ಕೈಗೆ ಹತ್ತಿರ ಬರುತ್ತದೆ. ಇಲ್ಲಿಂದ ಮುಂದೆ ಎಲ್ಲ ತಾಳ್ಮೆಯ ಮೇಲೆ. ಮೂತ್ರಕೋಶದ ಗೋಡೆಯನ್ನು ಯೋನಿಯ ಗೋಡೆಯಿಂದ ತೂತಿನ ಸುತ್ತ ಅಗಲವಾಗಿ ಬಿಡಿಸಬೇಕು. ಹೊಸಬರು ತೂತು ಕಂಡ ತಕ್ಷಣ ಹೊಲಿಯಲು ಕೈ ಹಾಕುತ್ತಾರೆ. ಬಿಡಿಸದೆ ಹೊಲಿದರೆ ದಾರ ಬಿಗಿದೆಳೆಯುತ್ತದೆ, ಬಿಗಿತವಿದ್ದ ಕಡೆ ರಕ್ತ ಹರಿಯದು, ರಕ್ತ ಹರಿಯದ ಕಡೆ ಗಾಯ ಕೂಡದು. ಮೂತ್ರಕೋಶ ಮುಚ್ಚಿದ ಮೇಲೆ ಮತ್ತೆ ನೀಲಿ ನೀರು ತುಂಬಿ ಒಂದು ಹನಿಯೂ ಜಿನುಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಎರಡು ಹೊಲಿಗೆಯ ಸಾಲುಗಳು ಒಂದರ ಮೇಲೊಂದು ಬೀಳಬಾರದು. ಅನುಮಾನವಿದ್ದ ಕಡೆ ಯೋನಿಯ ಹೊರತುಟಿಯ ಒಳಗಿನ ಕೊಬ್ಬಿನ ಪಟ್ಟಿಯನ್ನು ಅದರ ರಕ್ತನಾಳ ಕಡಿಯದಂತೆ ಬಿಡಿಸಿ, ಚರ್ಮದಡಿ ಸುರಂಗ ಮಾಡಿ ತಂದು, ಎರಡು ಸಾಲುಗಳ ನಡುವೆ ಹೊದಿಸುತ್ತೇವೆ. ಜರ್ಮನಿಯ ಮಾರ್ಟಿಯಸ್ 1928ರಲ್ಲಿ ಬರೆದ ವಿಧಾನ, ಇವತ್ತಿಗೂ ಅದಕ್ಕಿಂತ ಅಗ್ಗದ, ನಂಬಿಕೆಯ ಸಾಮಗ್ರಿ ನನಗೆ ಸಿಕ್ಕಿಲ್ಲ.

ಈ ಎಲ್ಲ ಕೆಲಸಕ್ಕೂ ನಾವು ಹಿಡಿಯುವ ಉಪಕರಣ ಸಿಮ್ಸ್ ಸ್ಪೆಕ್ಯುಲಮ್, ಯೋನಿಯನ್ನು ಅಗಲಿಸಿ ಒಳಗೆ ನೋಡುವುದಕ್ಕೆ. ಅಮೆರಿಕದ ಅಲಬಾಮಾದ ಜೇಮ್ಸ್ ಮೇರಿಯನ್ ಸಿಮ್ಸ್ 1840ರ ದಶಕದಲ್ಲಿ ಗುಲಾಮಗಿರಿಯಲ್ಲಿದ್ದ ಕಪ್ಪು ಹೆಣ್ಣುಮಕ್ಕಳ ಮೇಲೆ, ಅರಿವಳಿಕೆ ಇಲ್ಲದೆ, ಮತ್ತೆ ಮತ್ತೆ ಆಪರೇಷನ್ ಮಾಡಿ ಈ ವಿದ್ಯೆ ರೂಢಿಸಿಕೊಂಡ. ಅನಾರ್ಕಾ ಎಂಬಾಕೆಯ ಮೇಲೆ ಸುಮಾರು 30 ಸಲ. 1849ರಲ್ಲಿ ಬೆಳ್ಳಿ ತಂತಿಯ ಹೊಲಿಗೆ ಕೈಗೂಡಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಬಳಿ ನಿಂತಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. 2021ರಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ, ಅವನ ಕೈಗೆ ಸಿಕ್ಕಿದ್ದ ಅನಾರ್ಕಾ, ಬೆಟ್ಸಿ, ಲೂಸಿ ಮೂವರ ಪ್ರತಿಮೆಗಳೂ ಬಂದವು. ಪಿಜಿಗಳಿಗೆ ಸ್ಪೆಕ್ಯುಲಮ್ ಹಿಡಿಯುವುದು ಕಲಿಸುವಾಗ ಈ ಮೂರು ಹೆಸರನ್ನೂ ಹೇಳುತ್ತೇನೆ. ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ, ಕೇಳದಿದ್ದರೆ ಬೇಡ.

ಮೆಣಸಿನಕಾಯಿಯ ಹೆಣ್ಣುಮಗಳಿಗೆ ಹೊಲಿಗೆ ಮುಗಿದ ಮೇಲೆ ನಿಜವಾದ ಕಾವಲು ಶುರುವಾಯಿತು. ಕ್ಯಾಥೆಟರ್ ಎರಡು ಮೂರು ವಾರ ಇರಬೇಕು, ಒಂದು ರಾತ್ರಿಯೂ ಕಟ್ಟಿಕೊಳ್ಳಬಾರದು. ಒಂದು ರಕ್ತದ ಹೆಪ್ಪು ಸಿಕ್ಕಿ ಪೈಪು ಮುಚ್ಚಿ, ಮೂತ್ರಕೋಶ ತುಂಬಿ ಉಬ್ಬಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಪೈಪು ಮಡಚಿಲ್ಲವೇ, ಚೀಲ ಮಂಚಕ್ಕಿಂತ ಕೆಳಗಿದೆಯೇ, ಗಂಟೆಗಂಟೆಗೂ ಬೀಳುತ್ತಿದೆಯೇ ಎಂದು ನೋಡುವುದು ನರ್ಸ್‌ಗಳು. ಅವರ ಜೊತೆ ಜೋಪಾನ ಮಾಡಿದ್ದು ಆಕೆಯ ಅಕ್ಕ. ಆ ಅಕ್ಕ ಸೀರೆಯ ಸೆರಗಿಗೆ ಗಂಟು ಹಾಕಿ ಚೀಲ ಖಾಲಿ ಮಾಡಿದ ಲೆಕ್ಕ ಇಡುತ್ತಿದ್ದಳು, ನಮ್ಮ ಚಾರ್ಟಿಗಿಂತ ಕರಾರುವಾಕ್ಕಾಗಿ. ಎಕ್ಸ್‌ರೇ ತೆಗೆದು ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಕ್ಯಾಥೆಟರ್ ತೆಗೆದೆವು. ಮನೆಗೆ ಕಳಿಸುವಾಗ ಗಂಡ ಹೆಂಡತಿ ಇಬ್ಬರಿಗೂ ಹೇಳಿದೆ, ಇನ್ನು ಮೂರು ತಿಂಗಳು ಸೇರಬಾರದು. "ಮತ್ತ ಮೂರು ತಿಂಗಳಾ?" ಎಂದು ಆಕೆ ನಕ್ಕಳು. ಗಂಡ ನಗಲಿಲ್ಲ.

ಗಂಡಸರ ಕಡೆಗೂ ಇದೇ ಮಾತು. ಬೈಕ್ ಅಪಘಾತ, ಟ್ರ್ಯಾಕ್ಟರ್ ಉರುಳುವುದು, ಇವೆರಡು ನಮ್ಮ ಕಡೆ ಸೊಂಟದ ಎಲುಬು ಮುರಿಯುವ ಸಾಮಾನ್ಯ ದಾರಿ. ಎಲುಬು ಮುರಿದಾಗ ಕೆಲವೊಮ್ಮೆ ಮೂತ್ರದ್ವಾರದ ನಾಳವೂ ಹರಿಯುತ್ತದೆ. ಆಗ ಹೊಕ್ಕುಳ ಕೆಳಗೆ ಸಣ್ಣ ತೂತು ಮಾಡಿ ಮೂತ್ರಕೋಶಕ್ಕೆ ನೇರ ಪೈಪು ಹಾಕಿ, ಎಲುಬು ಕೂಡಲಿ, ಒಳಗಿನ ರಕ್ತದ ಹೆಪ್ಪು ಕರಗಲಿ ಎಂದು ಮತ್ತದೇ ಮೂರು ತಿಂಗಳು ಕಳಿಸುತ್ತೇವೆ. ಆಮೇಲೆ ಕೆಳಗಿನಿಂದ ಹೋಗಿ, ನಡುವಿನ ಗಾಯದ ಗಟ್ಟಿ ಕಲೆಯನ್ನೆಲ್ಲ ಕೊರೆದು ತೆಗೆದು, ಎರಡು ಆರೋಗ್ಯವಂತ ತುದಿಗಳನ್ನು ಸೇರಿಸುವುದು. ತುದಿ ಮುಟ್ಟದಿದ್ದರೆ ಎಲುಬಿನ ಕೆಳ ಅಂಚನ್ನು ಸ್ವಲ್ಪ ಕೆತ್ತಬೇಕಾಗುತ್ತದೆ. ಕಾಯಲಾರದೆ ಕೆಲವರು ಬೇರೆ ಕಡೆ ಹೋಗಿ ಕ್ಯಾಮೆರಾ ಹಾಕಿಸಿ ಸೀಳಿಸಿಕೊಂಡು ಬರುತ್ತಾರೆ. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ಪ್ರತಿ ಸೀಳೂ ಕಲೆಯನ್ನು ಉದ್ದ ಮಾಡುತ್ತದೆ, ನಮಗೆ ಸಿಗಬೇಕಿದ್ದ ಒಳ್ಳೆಯ ಅವಕಾಶ ಕೆಡುತ್ತದೆ.

ಮೂತ್ರದ್ವಾರದ ಈ ನಾಳದ ಉದ್ದಕ್ಕೂ ಕಲೆ ಹಬ್ಬಿದ್ದರೆ ಕೆನ್ನೆಯ ಒಳಪದರ ತೆಗೆದು ಅಲ್ಲಿ ಕಸಿ ಮಾಡುತ್ತೇವೆ. ಅದನ್ನು ನೋಡಲು ಪುಣೆಗೆ ಹೋಗಿದ್ದೆ. ಡಾ. ಸಂಜಯ ಕುಲಕರ್ಣಿ ಅವರು ರೂಪಿಸಿದ ವಿಧಾನದಲ್ಲಿ ಕೆಳಗಿನ ಒಂದೇ ಗಾಯದಿಂದ, ನಾಳದ ಒಂದು ಬದಿಯನ್ನಷ್ಟೇ ಬಿಡಿಸಿ, ಇನ್ನೊಂದು ಬದಿಯ ರಕ್ತಸಂಚಾರ ಮುಟ್ಟದೆ ಇಡೀ ನಾಳಕ್ಕೆ ಕಸಿ ಹಾಕುತ್ತಾರೆ. ಹೊರದೇಶದ ಸರ್ಜನ್‌ಗಳೂ ಇದನ್ನು ಕಲಿಯಲು ಪುಣೆಗೆ ಬರುತ್ತಾರೆ. ಪುಸ್ತಕದಲ್ಲಿಲ್ಲದ ಒಂದು ತೊಡಕು ಮಾತ್ರ ನಮ್ಮದೇ: ಗುಟ್ಕಾ. ಹತ್ತಾರು ವರ್ಷ ಜಗಿದವನ ಕೆನ್ನೆಯ ಒಳಗೆ ಬಿಳಿ ನಾರು ಕಟ್ಟಿರುತ್ತದೆ, ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ. ಕಸಿಗೆ ಪದರ ಎಲ್ಲಿಂದ ತರುವುದು? ಹೊರರೋಗಿ ವಿಭಾಗದಲ್ಲಿ ಮೂತ್ರದ ತೊಂದರೆಗೆ ಬಂದವನಿಗೆ "ಬಾಯಿ ತಗೀರಿ ನೋಡೋಣ" ಅಂದರೆ ನನ್ನ ಮೇಲೇ ಅನುಮಾನ ಪಡುತ್ತಾರೆ.

ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಹನಿ ಬೀಳುವ ಹೆಂಗಸರು ನನ್ನ ಹತ್ತಿರ ಬರುವವರಲ್ಲಿ ತುಂಬ ಮಂದಿ. ಬಾಯಿಬಿಟ್ಟು ಹೇಳುವವರು ಕಡಿಮೆ. ಬಿಪಿ ತೋರಿಸಲು ಬಂದು, ಏಳುವಾಗ ಬಾಗಿಲ ಹತ್ತಿರ ನಿಂತು ಹೇಳುತ್ತಾರೆ. ಇವರಿಗೆ ಮೊದಲು ಆಪರೇಷನ್ ಅಲ್ಲ, ವ್ಯಾಯಾಮ. ಅಮೆರಿಕದ ಆರ್ನಲ್ಡ್ ಕೆಗಲ್ 1948ರಲ್ಲಿ ಬರೆದದ್ದು. ನಮ್ಮ ಫಿಸಿಯೋಥೆರಪಿಸ್ಟ್ "ಗಾಳಿ ಹೊರಗ ಹೋಗದಂಗ ಬಿಗಿ ಹಿಡೀರಿ, ಉಸಿರು ಹಿಡಿಬ್ಯಾಡ್ರಿ" ಎಂದು ಹೇಳಿಕೊಡುತ್ತಾರೆ. ಪ್ರತಿ ಸಲ ಕನಿಷ್ಠ 8 ಬಾರಿ, ದಿನಕ್ಕೆ ಮೂರು ಸಲ, ಎಷ್ಟು ಕಾಲ? ನಗಬೇಡಿ, ಮೂರು ತಿಂಗಳು. ಬಹಳಷ್ಟು ಮಂದಿಗೆ ಇದರಿಂದಲೇ ಸುಧಾರಣೆ ಕಾಣುತ್ತದೆ, ಆಪರೇಷನ್ ಮಾತೇ ಬರುವುದಿಲ್ಲ.

ಇಲ್ಲಿ ನಮ್ಮ ಶಾಖೆ ಅವಸರದಿಂದ ಕೈ ಸುಟ್ಟುಕೊಂಡ ಕಥೆ ಹೇಳಬೇಕು. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟನ್ 1996ರಲ್ಲಿ ಮೂತ್ರದ್ವಾರದ ಕೆಳಗೆ ಪಾಲಿಪ್ರೊಪಿಲೀನ್ ಪಟ್ಟಿಯೊಂದನ್ನು ಸಡಿಲವಾಗಿ ಇಡುವ ವಿಧಾನ ಪ್ರಕಟಿಸಿದರು. ಅರ್ಧ ಗಂಟೆಯ ಕೆಲಸ, ಫಲ ಚೆನ್ನಾಗಿತ್ತು. ಅದರ ಬೆನ್ನಿಗೆ ಕಂಪನಿಗಳು ಜಾರಿದ ಗರ್ಭಕೋಶ, ಮೂತ್ರಕೋಶಗಳಿಗೂ ಯೋನಿಯ ಮೂಲಕ ಹಾಕುವ ದೊಡ್ಡ ಬಲೆಯ ಕಿಟ್‌ಗಳನ್ನು ತಂದವು. ದೀರ್ಘಕಾಲದ ಫಲ ಗೊತ್ತಾಗುವ ಮೊದಲೇ ಅವು ಲೋಕವೆಲ್ಲ ಹರಡಿದವು. ಆಮೇಲೆ ದೂರುಗಳು: ಬಲೆ ಯೋನಿಯೊಳಗೆ ಕೊರೆದು ಬಂದದ್ದು, ಬಿಡದ ನೋವು, ಗಂಡನ ಜೊತೆ ಸೇರಲಾಗದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ, ಮತ್ತೆ 2011ರಲ್ಲಿ ಎಚ್ಚರಿಸಿ, 2019ರ ಏಪ್ರಿಲ್‌ನಲ್ಲಿ ಈ ಕಿಟ್‌ಗಳ ಮಾರಾಟವನ್ನೇ ನಿಲ್ಲಿಸಲು ಹೇಳಿತು. ಬ್ರಿಟನ್ 2018ರಲ್ಲಿ ಮೂತ್ರ ಸೋರಿಕೆಯ ಪಟ್ಟಿಗೂ ತಡೆ ಹಾಕಿತು. ಬೇರೆ ಕಡೆ ಹಾಕಿಸಿಕೊಂಡ ಅಂಥ ಬಲೆಗಳನ್ನು ತೆಗೆಯುವ ಕೆಲಸ ನನಗೂ ಬಂದಿದೆ. ಹೊಲದ ಬದುವಿನ ಬೇವಿನ ಮರಕ್ಕೆ ಬಿಗಿದ ಬೇಲಿ ತಂತಿಯನ್ನು ಮರ ವರ್ಷಗಳಲ್ಲಿ ನುಂಗಿಕೊಂಡಿರುತ್ತದಲ್ಲ, ಹಾಗೆ. ತಂತಿ ತೆಗೆಯಬೇಕಾದರೆ ಮರ ಕೆತ್ತಬೇಕು, ಪೂರ್ತಿ ತೆಗೆಯುವುದು ಎಷ್ಟೋ ಸಲ ಆಗುವುದೇ ಇಲ್ಲ. ನನ್ನ ಮಾತು ಕೇಳುವುದಾದರೆ, ಮೂತ್ರದ್ವಾರದ ಸಣ್ಣ ಪಟ್ಟಿ ಕೆಟ್ಟದ್ದಲ್ಲ, ಸರಿಯಾದ ರೋಗಿಗೆ ವಿವರಿಸಿ ಹಾಕಬಹುದು. ಆದರೂ ಈಗ ನಾನು ಹೆಚ್ಚಾಗಿ ರೋಗಿಯದೇ ಹೊಟ್ಟೆಯ ಸ್ನಾಯುವಿನ ಮೇಲಿನ ಬಿಳಿ ಪೊರೆಯಿಂದ ಪಟ್ಟಿ ತೆಗೆದು ಬಳಸುತ್ತೇನೆ. ಇನ್ನಷ್ಟು ಹೊತ್ತು ಹಿಡಿಯುತ್ತದೆ, ಹೊಟ್ಟೆಯ ಮೇಲೆ ಗಾಯವೊಂದು ಹೆಚ್ಚು. ಇರಲಿ.

ಕಾಯುವುದೂ ಕೈಕೊಡುವ ಜಾಗವೊಂದಿದೆ. ಗರ್ಭಕೊರಳಿನ ಕ್ಯಾನ್ಸರಿಗೆ ಕರೆಂಟು, ಅಂದರೆ ವಿಕಿರಣ, ಕೊಡಿಸಿಕೊಂಡವರಲ್ಲಿ ವರ್ಷಗಳ ಮೇಲೆ ತೂತು ಬೀಳುವುದುಂಟು. ವಿಕಿರಣ ತಾಗಿದ ಅಂಗಾಂಶದಲ್ಲಿ ಸಣ್ಣ ರಕ್ತನಾಳಗಳೇ ಮುಚ್ಚಿರುತ್ತವೆ. ಮೂರು ತಿಂಗಳಲ್ಲ, ಒಂದು ವರ್ಷ ಕಾದರೂ ಅದು ಮೆತ್ತಗಾಗುವುದು ಅಪರೂಪ. ಕ್ಯಾನ್ಸರ್ ಮರಳಿಲ್ಲವೆಂದು ತುಣುಕು ತೆಗೆದು ಪರೀಕ್ಷಿಸಿ, ಮೂತ್ರಕೋಶ ಕುಗ್ಗಿ ಮುಷ್ಟಿಯಷ್ಟಾಗಿದ್ದರೆ, ಮುಚ್ಚುವ ಹಟ ಬಿಟ್ಟು ಮೂತ್ರದ ದಾರಿಯನ್ನೇ ಬದಲಿಸುತ್ತೇವೆ. ಸಣ್ಣ ಕರುಳಿನ ಒಂದು ತುಂಡಿಗೆ ಎರಡೂ ಮೂತ್ರನಾಳ ಜೋಡಿಸಿ, ಅದರ ಬಾಯನ್ನು ಹೊಟ್ಟೆಯ ಮೇಲೆ ತಂದು, ಅಲ್ಲಿಗೆ ಚೀಲ ಅಂಟಿಸುವುದು.

ಅರವತ್ತರ ಹತ್ತಿರದ ಒಬ್ಬ ಅಜ್ಜಿಗೆ ಇದನ್ನು ಹೇಳುವಾಗ ನಾನು ತಡವರಿಸಿದೆ. ಜೀವಮಾನವಿಡೀ ಚೀಲ ಎಂಬ ಮಾತು ಹೇಳುವುದು ಸುಲಭವಲ್ಲ. ಆಕೆ ಪೂರ್ತಿ ಕೇಳಿ, "ಸೀರಿ ಒಣಗಿರ್ತೈತೇನ್ರಿ?" ಅಂದಳು. ಇರುತ್ತದೆ ಅಂದೆ. "ಮತ್ತ್ಯಾಕ ಇಷ್ಟ ಮಾತು?"

ಆಪರೇಷನ್ ಹಿಂದಿನ ದಿನ ಚೀಲ ಎಲ್ಲಿ ಬರಬೇಕೆಂದು ಪೆನ್ನಿನಿಂದ ಗುರುತು ಹಾಕುತ್ತೇವೆ. ಮಲಗಿಸಿ, ಕೂರಿಸಿ, ನಿಲ್ಲಿಸಿ ನೋಡಬೇಕು, ಹೊಟ್ಟೆಯ ಮಡಿಕೆಯಲ್ಲಿ ಬಿದ್ದರೆ ಚೀಲ ಕಿತ್ತುಬರುತ್ತದೆ. ಅಜ್ಜಿ ತಾನೇ ಎದ್ದು ನಿಂತು ಲಂಗದ ಲಾಡಿ ಎಲ್ಲಿ ಕಟ್ಟುತ್ತಾಳೆಂದು ತೋರಿಸಿದಳು. "ಕೊಡ ಎಡಕ್ಕ ಇಟ್ಕೋತೀನ್ರಿ. ನಿಮ್ಮ ಚೀಲ ಬಲಕ್ಕ ಇಡ್ರಿ, ಲಾಡಿ ಕೆಳಗ." ನಾವು ಸಾಮಾನ್ಯವಾಗಿ ಇಡುವುದೂ ಬಲಗಡೆಯೇ. ಆಕೆ ತೋರಿಸಿದ ಕಡೆ ಗುರುತು ಹಾಕಿ, ಸ್ನಾನ ಮಾಡುವಾಗ ಅಳಿಸಬೇಡಿ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದೆವು.